ಸಂಯುಕ್ತಾ ಮಿಸ್

ಕೆಂಪಾಪುರದ ಕಿವುಡ ಮಕ್ಕಳ ಶಾಲೆಯಲ್ಲಿ ಆ ವರ್ಷ ಜೂನ್ ಅರ್ಧ ಕಳೆದರೂ ಒಂದನೇ ತರಗತಿಗೆ ಟೀಚರ್ ಇರಲಿಲ್ಲ. ಇದ್ದ ಒಬ್ಬರು ನಿವೃತ್ತರಾಗಿ ಮೈಸೂರಿನ ಮಗಳ ಮನೆ ಸೇರಿದ್ದರು, ಇನ್ನೊಬ್ಬರು ಸರ್ಕಾರಿ ಕೆಲಸ ಸಿಕ್ಕಿ ಹೋಗಿದ್ದರು. ಹೆಡ್‌ಮಿಸ್ ದ್ರೌಪದಮ್ಮ ಪೇಪರಿನಲ್ಲಿ ಎರಡು ಸಲ ಜಾಹೀರಾತು ಕೊಟ್ಟರು. ಕಿವಿ ಕೇಳಿಸದ ಮಕ್ಕಳಿಗೆ ಕಲಿಸುವುದಕ್ಕೆಂದೇ ಓದಿದವರು ಮೊದಲೇ ಕಡಿಮೆ. ಅವರಲ್ಲಿ ಇಂಥ ಸಣ್ಣ ಟ್ರಸ್ಟಿನ ಶಾಲೆಗೆ ಬರುವವರು ಇನ್ನೂ ಕಡಿಮೆ. ಒಬ್ಬಳು ಹುಡುಗಿ ಬಂದಳು. ಬಾಡಿಗೆ ಕಟ್ಟಡದ ಮೇಲೆ ಕೆಳಗೆಲ್ಲ ನೋಡಿ, ಸಂಜೆ ಫೋನ್ ಮಾಡುತ್ತೇನೆಂದು ಹೋದವಳು ಮಾಡಲೇ ಇಲ್ಲ. ದ್ರೌಪದಮ್ಮನೇ ಎರಡು ಕೋಣೆಗಳ ನಡುವಿನ ಬಾಗಿಲು ತೆಗೆಸಿ, ಅತ್ತ ನಾಲ್ಕನೆಯವರಿಗೆ ಲೆಕ್ಕ ಕೊಟ್ಟು, ಇತ್ತ ಒಂದನೆಯವರಿಗೆ ಚಿತ್ರ ತೋರಿಸುತ್ತ ದಿನ ದೂಡುತ್ತಿದ್ದರು.

ಅಷ್ಟರಲ್ಲಿ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಅರ್ಹ ಶಿಕ್ಷಕರು ಸಿಗದ ಇಂಥ ಶಾಲೆಗಳು, ಪಿಯುಸಿ ಪಾಸಾಗಿ ಸನ್ನೆ ಭಾಷೆ ಬಲ್ಲವರನ್ನು ಟೀಚರಾಗಿ ತೆಗೆದುಕೊಳ್ಳಬಹುದು. ಅಂಥವರು ಪಾಠ ಮಾಡುತ್ತಲೇ ಎರಡು ವರ್ಷದೊಳಗೆ ಡಿಪ್ಲೊಮಾ ಮುಗಿಸಬೇಕು. ಅಧಿಕಾರಿಯೊಬ್ಬರು ಬಂದು ಪಾಠ ನೋಡಿ ಒಪ್ಪಿಗೆ ಕೊಡಬೇಕು. ದ್ರೌಪದಮ್ಮ ಓದಿ ಮುಗಿಸಿ, ವರಾಂಡದಲ್ಲಿ ಮಕ್ಕಳ ಚಪ್ಪಲಿ ಜೋಡಿಸುತ್ತಿದ್ದ ಸೊಣ್ಣಮ್ಮನನ್ನು ಒಳಗೆ ಕರೆದರು.

ಸೊಣ್ಣಮ್ಮ ಜಕ್ಕೂರಿನವಳು. ಕೆರೆಯ ಈಚೆ, ಹಳೇ ಊರಿನ ಬೀದಿಯಲ್ಲಿ ಅವಳ ಮನೆ. ಗಂಡ ವಿಜಯಕುಮಾರ ಅಪಾರ್ಟ್‌ಮೆಂಟುಗಳಿಗೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಒಬ್ಬಳೇ ಮಗಳು ಸಂಯುಕ್ತಾ. ಹಿಂದಿನಿಂದ ಎಷ್ಟು ಕೂಗಿದರೂ ಮಗು ತಿರುಗುವುದಿಲ್ಲ ಎಂದು ಗೊತ್ತಾದಾಗ ಅವಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆಮೇಲೆ ಈ ಶಾಲೆಗೆ ಸೇರಿಸಿ, ದಿನವೂ ಬಸ್ಸಿನಲ್ಲಿ ಕರೆತಂದು, ಶಾಲೆ ಬಿಡುವವರೆಗೆ ಬೇರೆ ತಾಯಂದಿರ ಜೊತೆ ವರಾಂಡದಲ್ಲೇ ಕೂತಿರುತ್ತಿದ್ದಳು. ಆಗ ಶಾಲೆಯೊಳಗೆ ಕೈಸನ್ನೆಗೆ ಅವಕಾಶವಿರಲಿಲ್ಲ. ಮಕ್ಕಳು ಟೀಚರ ತುಟಿ ನೋಡಿ, ಅವರ ಗಂಟಲು ಮುಟ್ಟಿ, ಬಾಯಲ್ಲೇ ಮಾತು ಕಲಿಯಬೇಕಿತ್ತು. ಆದರೆ ಆಟದ ಬಯಲಿಗೆ ಬಂದ ಕೂಡಲೇ ಎಲ್ಲ ಮಕ್ಕಳ ಕೈಗಳೂ ಮಾತಿಗೆ ಇಳಿಯುತ್ತಿದ್ದವು. ಸೊಣ್ಣಮ್ಮ ಸನ್ನೆ ಕಲಿತದ್ದು ಆ ಬಯಲಿನಲ್ಲಿ, ಮಕ್ಕಳಿಂದ. ಮುಂದೆ ಶಾಲೆಯೂ ಬದಲಾಗಿ ಸನ್ನೆ ತರಗತಿಯೊಳಗೆ ಬಂತು. ಸಂಯುಕ್ತಾ ಹತ್ತನೆಯದು ಮುಗಿಸಿ ಕಾಲೇಜಿಗೆ ಹೋದ ಮೇಲೂ ಸೊಣ್ಣಮ್ಮ ಶಾಲೆ ಬಿಡಲಿಲ್ಲ. ವ್ಯಾನಿನಿಂದ ಮಕ್ಕಳನ್ನು ಇಳಿಸಿಕೊಳ್ಳುವುದು, ಊಟ ಬಡಿಸುವುದು, ಅಪ್ಪ ಅಮ್ಮಂದಿರ ಸಭೆಯಲ್ಲಿ ಮಕ್ಕಳ ಮಾತನ್ನು ಅವರಿಗೆ ಹೇಳುವುದು, ಇವೆಲ್ಲ ಅವಳ ಕೆಲಸವಾಗಿದ್ದವು.

ದ್ರೌಪದಮ್ಮ ವಿಷಯ ಹೇಳಿದಾಗ ಅವಳಿಗೆ ಮೊದಲು ಅರ್ಥವಾಗಲಿಲ್ಲ. ಯಲಹಂಕದ ಕಾಲೇಜಿನಲ್ಲಿ ಪಿಯುಸಿ ಪಾಸಾಗಿ ಇಪ್ಪತ್ತೈದು ವರ್ಷ ದಾಟಿತ್ತು. ಆ ಓದು ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಅಧಿಕಾರಿ ಬರುವುದು ಸ್ವಲ್ಪ ತಡವಾಗಬಹುದು, ಅಲ್ಲಿಯವರೆಗೆ ತಾತ್ಕಾಲಿಕವಾಗಿ ತರಗತಿ ನೋಡಿಕೊಳ್ಳಬಹುದು ಎಂದರು ಹೆಡ್‌ಮಿಸ್. ಸೊಣ್ಣಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇನೆಂದಳು. ಬಸ್ಸಿನಲ್ಲಿ ಕೂತ ಮೇಲೆ ಅವಳಿಗೇ ನಗು ಬಂತು. ಕೇಳುವುದೇನು, ಒಪ್ಪಿಕೊಂಡಾಗಿತ್ತು.

ವಿಜಯಕುಮಾರ ಅನ್ನದ ತಟ್ಟೆಯ ಮುಂದೆ ಕೂತು ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, ನಾಳೆಯಿಂದ ನಾನೂ ನಿನ್ನನ್ನ ಮಿಸ್ ಅನ್ನಬೇಕೇನು ಎಂದು ಕೇಳಿದ. ಸಂಯುಕ್ತಾ ಅಮ್ಮನನ್ನು ಬಿಗಿಯಾಗಿ ಅಪ್ಪಿಕೊಂಡು, ತನ್ನ ಕಾಟನ್ ದುಪಟ್ಟಾ ಒಂದನ್ನು ತಂದು ಅವಳ ಹೆಗಲಿಗೆ ಹಾಕಿ ನೋಡಿದಳು. ಸೀರೆಯ ಮೇಲೆ ಅದು ಚೆನ್ನಾಗಿ ಕಾಣಲಿಲ್ಲ. ಇಬ್ಬರೂ ನಕ್ಕರು.

ಸಂಯುಕ್ತಾಗೆ ಆಗ ಇಪ್ಪತ್ತೊಂದು. ಕಾಮರ್ಸಿನಲ್ಲಿ ಪಿಯುಸಿ ಮುಗಿಸಿ, ಹೆಬ್ಬಾಳದ ಕಡೆಯ ಒಂದು ಮಾಲಿನಲ್ಲಿ ಕಾಫಿ ಅಂಗಡಿಯ ಕೆಲಸಕ್ಕೆ ಸೇರಿದ್ದಳು. ಎದೆಯ ಮೇಲೆ, ನನಗೆ ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಬೆರಳಿಟ್ಟು ತೋರಿಸಿ ಎಂದು ಬರೆದ ಬಿಲ್ಲೆ ಇರುತ್ತಿತ್ತು. ಬುಧವಾರ ಅವಳಿಗೆ ರಜೆ.

ಒಂದನೇ ತರಗತಿಯಲ್ಲಿ ಒಂಬತ್ತು ಮಕ್ಕಳಿದ್ದರು. ಸೊಣ್ಣಮ್ಮ ತುಂಬ ಶ್ರದ್ಧೆಯಿಂದ ತಯಾರಾಗಿ ಹೋಗುತ್ತಿದ್ದಳು. ಹಣ್ಣು, ಪ್ರಾಣಿ, ಮನೆಯ ಸಾಮಾನುಗಳ ಚಿತ್ರ ಅಂಟಿಸಿದಳು. ಒಂದೊಂದು ಪದವನ್ನೂ ಬಾಯಲ್ಲಿ ಹೇಳಿ, ಬೋರ್ಡಿನ ಮೇಲೆ ಬರೆದು, ಕೈಯಲ್ಲಿ ತೋರಿಸುತ್ತಿದ್ದಳು. ಮಕ್ಕಳು ಅವಳನ್ನು ಮೊದಲಿನಿಂದಲೂ ಬಲ್ಲವರು, ಹಟ ಮಾಡಲಿಲ್ಲ. ಒಂದು ವಾರದಲ್ಲಿ ಜಕ್ಕೂರಿನ ಬೀದಿಯಲ್ಲೂ ಸುದ್ದಿಯಾಗಿ, ಹೆಂಗಸರು ಅವಳನ್ನು ಮೇಷ್ಟ್ರಮ್ಮ ಎಂದು ಕರೆಯತೊಡಗಿದರು. ಬೇಡ ಎಂದು ಬಾಯಲ್ಲಿ ಹೇಳಿದರೂ ಅದು ಅವಳಿಗೆ ಹಿತವಾಗಿತ್ತು. ಅಲ್ಲಿಯವರೆಗೆ ಆ ಬೀದಿಯಲ್ಲಿ ಅವಳು ಮೂಗಿಯ ತಾಯಿ ಮಾತ್ರ ಆಗಿದ್ದಳು.

ಆ ಒಂಬತ್ತು ಮಕ್ಕಳಲ್ಲಿ ರಕ್ಷಾ ಹೊಸಬಳು. ಏಳು ವರ್ಷದ ಹುಡುಗಿ. ಅವಳಪ್ಪ ಕಾಡಪ್ಪ ಲಿಂಗಸುಗೂರಿನ ಕಡೆಯವನು, ಯಶವಂತಪುರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ. ತಾಯಿ ರತ್ನಕ್ಕ ಕೆಂಪಾಪುರದಲ್ಲೇ ಎರಡು ಮೂರು ಮನೆಗಳ ಕೆಲಸಕ್ಕೆ ಹೋಗುತ್ತಿದ್ದಳು. ಮಗು ಅಲ್ಲಿಯವರೆಗೆ ಊರಿನಲ್ಲಿ ಅಜ್ಜಿಯ ಹತ್ತಿರ ಇತ್ತು. ಅದಕ್ಕೆ ಬರುತ್ತಿದ್ದದ್ದು ಊಟಕ್ಕೆ ಒಂದು ಸನ್ನೆ, ನೀರಿಗೆ ಒಂದು, ಹೊಡೆಯುತ್ತಾರೆ ಎಂಬುದಕ್ಕೆ ಒಂದು, ಅಷ್ಟೇ. ಜನರಿಗೆ, ವಸ್ತುಗಳಿಗೆ ಹೆಸರು ಇರುತ್ತದೆ ಎಂಬುದೇ ಅದಕ್ಕೆ ತಿಳಿದಂತಿರಲಿಲ್ಲ.

ಸೊಣ್ಣಮ್ಮ ಮಾವಿನ ಹಣ್ಣಿನ ಚಿತ್ರ ಹಿಡಿದು ಮಾವು ಎಂದು ಕೈಯಲ್ಲಿ ತೋರಿಸಿದರೆ ರಕ್ಷಾ ಅದನ್ನೇ ಮಾಡುತ್ತಿದ್ದಳು. ನಡುವೆ ಸೊಣ್ಣಮ್ಮ ಮೂಗು ತುರಿಸಿಕೊಂಡರೆ ಅದನ್ನೂ ಮಾಡುತ್ತಿದ್ದಳು. ಚಿತ್ರ ಎತ್ತಿಟ್ಟು, ಇದು ಏನು ಎಂದು ಕೇಳಿದರೆ, ಏನು ಎಂಬ ಸನ್ನೆಯನ್ನೇ ವಾಪಸು ಕೊಡುತ್ತಿದ್ದಳು. ಜುಲೈ ಮುಗಿಯುತ್ತ ಬಂದರೂ ಹಾಗೆಯೇ. ಸೊಣ್ಣಮ್ಮನಿಗೆ ರಾತ್ರಿ ಊಟ ಮಾಡುವಾಗಲೂ ಆ ಹುಡುಗಿಯ ದೊಡ್ಡ ಕಣ್ಣು ನೆನಪಾಗುತ್ತಿತ್ತು. ಎಲ್ಲವನ್ನೂ ನೋಡುತ್ತದೆ, ಯಾವುದೂ ಒಳಗೆ ಇಳಿಯುವುದಿಲ್ಲ ಎಂದು ಗಂಡನ ಹತ್ತಿರ ಹೇಳಿಕೊಂಡಳು.

ಒಂದು ಬುಧವಾರ ಸೊಣ್ಣಮ್ಮ ಊಟದ ಡಬ್ಬಿ ಮರೆತು ಬಂದಿದ್ದಳು. ಮಧ್ಯಾಹ್ನ ಸಂಯುಕ್ತಾ ಅದನ್ನು ತಂದಳು. ಮಕ್ಕಳು ಬಯಲಿನಲ್ಲಿ ಅವಳನ್ನು ಮುತ್ತಿಕೊಂಡವು. ಸಂಯುಕ್ತಾ ಕಟ್ಟೆಯ ಮೇಲೆ ಕೂತು, ಅಂಗಡಿಯಲ್ಲಿ ಹಿಂದಿನ ದಿನ ನಡೆದದ್ದನ್ನು ಹೇಳಿದಳು. ಕಾಫಿಯ ಮೆಷಿನ್ನಿನಿಂದ ಹಾಲಿನ ನೊರೆ ಉಕ್ಕಿ ಉಕ್ಕಿ ಬಂದದ್ದು, ನಿಲ್ಲಿಸುವ ಗುಂಡಿ ಸಿಗದೆ ತಾನು ಕಪ್ಪಿನ ಮೇಲೆ ಕಪ್ಪು ಹಿಡಿದದ್ದು, ಫೋನಿನಲ್ಲಿ ಮುಳುಗಿದ್ದ ಒಬ್ಬ ದೊಡ್ಡ ಮನುಷ್ಯ ಮೀಸೆಯ ತುಂಬ ನೊರೆ ಹಚ್ಚಿಕೊಂಡು ಹಾಗೇ ಲಿಫ್ಟ್ ಹತ್ತಿದ್ದು. ಹೇಳುವಾಗ ಅವಳೇ ಮೆಷಿನ್ನು, ಅವಳೇ ನೊರೆ, ಅವಳೇ ಆ ಮನುಷ್ಯ. ಕೈಗಿಂತ ಹೆಚ್ಚು ಅವಳ ಹುಬ್ಬು, ಕೆನ್ನೆ, ಹೆಗಲು ಹೇಳುತ್ತಿದ್ದವು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರ ನಡುವೆ ರಕ್ಷಾ ಕೂಡ ನಗುತ್ತಿದ್ದಳು. ಬೇರೆಯವರನ್ನು ನೋಡಿ ನಕ್ಕ ನಗುವಲ್ಲ. ಮೀಸೆಯ ಜಾಗದಲ್ಲಿ ಬೆರಳಿಟ್ಟುಕೊಂಡು ತಾನಾಗಿಯೇ ನಗುತ್ತಿದ್ದಳು.

ಆಮೇಲೆ ರಕ್ಷಾ ಸಂಯುಕ್ತಾಳ ಹತ್ತಿರ ಹೋಗಿ ಅವಳ ಕೂದಲು ಸರಿಸಿ ಕಿವಿ ನೋಡಿದಳು. ತನ್ನ ಕಿವಿ ಮುಟ್ಟಿಕೊಂಡಳು. ಸಂಯುಕ್ತಾ ತಲೆಯಾಡಿಸಿ, ನನ್ನದೂ ಹಾಗೇ ಎಂದು ತೋರಿಸಿದಳು. ಹುಡುಗಿ ನಂಬಲಿಲ್ಲ. ಅವಳ ಬೆನ್ನ ಹಿಂದೆ ಹೋಗಿ ನಿಂತು ಎರಡೂ ಕೈ ಸೇರಿಸಿ ಜೋರಾಗಿ ಚಪ್ಪಾಳೆ ತಟ್ಟಿದಳು. ವರಾಂಡದಲ್ಲಿ ನಿಂತಿದ್ದ ಸೊಣ್ಣಮ್ಮ ಬೆಚ್ಚಿದಳು, ಸಂಯುಕ್ತಾ ತಿರುಗಲಿಲ್ಲ. ರಕ್ಷಾ ಮತ್ತೆ ತಟ್ಟಿದಳು, ಬಾಯಿ ತೆಗೆದು ಕೂಗಿದಳು. ಸಂಯುಕ್ತಾ ಮುಂದೆ ನೋಡುತ್ತ ಕೂತೇ ಇದ್ದಳು. ಆಗ ಆ ಹುಡುಗಿ ಓಡಿ ಮುಂದೆ ಬಂದು, ಸಂಯುಕ್ತಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತುಂಬ ಹೊತ್ತು ನೋಡಿದಳು.

ಸಂಯುಕ್ತಾ ಆ ಹುಡುಗಿಯ ಹಣೆಯ ಮೇಲೆ ಸುರುಳಿಯಾಗಿ ಬಿದ್ದಿದ್ದ ಒಂದು ಎಳೆ ಕೂದಲನ್ನು ನೋಡಿ, ತನ್ನ ಹಣೆಯ ಹತ್ತಿರ ಬೆರಳನ್ನು ಸುರುಳಿಯಾಗಿ ತಿರುಗಿಸಿ, ಅವಳತ್ತ ತೋರಿಸಿದಳು. ನೀನು, ನಿನ್ನ ಹೆಸರು. ಬೇರೆ ಮಕ್ಕಳಿಗೆಲ್ಲ ಹಾಗೆ ತಮ್ಮದೇ ಸನ್ನೆಯ ಹೆಸರುಗಳಿದ್ದವು, ಒಬ್ಬೊಬ್ಬರಾಗಿ ತೋರಿಸಿದರು. ಶಾಲೆ ಬಿಡುವ ಹೊತ್ತಿಗೆ ರಕ್ಷಾ ಕಂಡಕಂಡವರ ಮುಂದೆಲ್ಲ ನಿಂತು ಹಣೆಯ ಹತ್ತಿರ ಬೆರಳು ತಿರುಗಿಸಿ ಎದೆ ಮುಟ್ಟಿಕೊಳ್ಳುತ್ತಿದ್ದಳು. ಸೊಣ್ಣಮ್ಮ ಒಂದೂವರೆ ತಿಂಗಳಿನಿಂದ ರಕ್ಷಾ ಎಂಬ ಹೆಸರಿನ ಅಕ್ಷರಗಳನ್ನು ಬೆರಳಿನಲ್ಲಿ ಕಲಿಸಲು ಒದ್ದಾಡಿದ್ದಳು.

ಅವತ್ತು ಮನೆಗೆ ಹೋಗುವಾಗ ಅವಳಿಗೆ ಖುಷಿಯಾಗಿತ್ತು, ನಿಜ. ಆದರೆ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅದು ಹೊಟ್ಟೆಕಿಚ್ಚೋ ಬೇಸರವೋ ಅವಳಿಗೇ ಗೊತ್ತಾಗಲಿಲ್ಲ. ಮಗಳ ಮೇಲೆ ತಾಯಿಗೆ ಹೊಟ್ಟೆಕಿಚ್ಚು ಬರುತ್ತದೆಯೇ ಎಂದು ತನ್ನನ್ನೇ ಬೈದುಕೊಂಡಳು.

ಮುಂದಿನ ಬುಧವಾರಗಳಲ್ಲಿ ಸಂಯುಕ್ತಾ ತಾನಾಗಿಯೇ ಶಾಲೆಗೆ ಬರತೊಡಗಿದಳು. ತರಗತಿಯ ಮೂಲೆಯಲ್ಲಿ ಕೂರುವಳು, ಅಮ್ಮ ಕರೆದರೆ ಮಾತ್ರ ಮುಂದೆ ಬರುವಳು. ರಕ್ಷಾ ಒಂದೊಂದನ್ನೇ ಮುಟ್ಟಿ ಇದಕ್ಕೇನು ಹೆಸರು, ಅದಕ್ಕೇನು ಹೆಸರು ಎಂದು ಕೇಳಲು ಶುರುಮಾಡಿದ್ದಳು. ಕೇಳುವುದು ಸಂಯುಕ್ತಾಳನ್ನೇ. ಸೊಣ್ಣಮ್ಮ ಉತ್ತರ ಹೇಳಿದರೆ ಒಮ್ಮೆ ನೋಡಿ, ಸರಿಯೇ ಎಂದು ಸಂಯುಕ್ತಾಳ ಕಡೆ ತಿರುಗುತ್ತಿದ್ದಳು.

ಆಗಸ್ಟಿನ ಒಂದು ಸಂಜೆ, ಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತ ಕೂತಾಗ ಸೊಣ್ಣಮ್ಮ ಮಗಳನ್ನು ಕೇಳಿದಳು: ಇವತ್ತು ಆ ಹುಡುಗಿ ನಿನ್ನನ್ನು ಮೂಲೆಗೆ ಎಳೆದುಕೊಂಡು ಹೋಗಿ ಏನು ಕೇಳಿತು? ಸಂಯುಕ್ತಾ ಹುರುಳಿಕಾಯಿ ಕೆಳಗಿಟ್ಟಳು. ನನ್ನ ಕಿವಿ ಮುಟ್ಟಿ, ಕೈಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ, ದೊಡ್ಡವಳಾದ ಮೇಲೂ ಕಿವಿ ತೆರೆಯುವುದಿಲ್ಲವೇ ಎಂದು ಕೇಳಿದಳು ಎಂದಳು. ಇಲ್ಲ, ತೆರೆಯುವುದಿಲ್ಲ, ಆದರೂ ದೊಡ್ಡವಳಾಗಬಹುದು, ನನ್ನನ್ನು ನೋಡು ಎಂದು ಹೇಳಿದೆ ಎಂದಳು.

ಇನ್ನೊಂದು ಹುರುಳಿಕಾಯಿ ಬಿಡಿಸಿ ಹಾಕಿ ಅವಳು ಮತ್ತೆ ಕೈ ಎತ್ತಿದಳು. ನಾನೂ ಚಿಕ್ಕವಳಿದ್ದಾಗ ಹಾಗೆಯೇ ಅಂದುಕೊಂಡಿದ್ದೆ ಎಂದಳು. ಶಾಲೆಯಲ್ಲಿ ಕಿವಿ ಕೇಳಿಸದವರೆಲ್ಲ ಮಕ್ಕಳೇ. ದೊಡ್ಡವರಿಗೆಲ್ಲ ಕಿವಿ ಕೇಳಿಸುತ್ತಿತ್ತು. ಅಂದರೆ ದೊಡ್ಡವಳಾಗುವಾಗ ಕಿವಿ ತೆರೆಯುತ್ತಿರಬೇಕು, ತೆರೆಯದವರು ಸತ್ತುಹೋಗುತ್ತಿರಬೇಕು. ಹತ್ತನೇ ಹುಟ್ಟಿದ ಹಬ್ಬದ ದಿನ ಬೆಳಗ್ಗೆ ಎದ್ದು, ಕೇಳಿಸುತ್ತದೆಯೇ ಎಂದು ತುಂಬ ಹೊತ್ತು ಹಾಸಿಗೆಯಲ್ಲೇ ಕೂತಿದ್ದೆ. ಕೇಳಿಸಲಿಲ್ಲ. ಆಮೇಲೆ ಒಂದು ವರ್ಷ ದಿನಾ ಸಾಯುವುದನ್ನು ಕಾಯುತ್ತಿದ್ದೆ. ಇಷ್ಟನ್ನು ಅವಳು ಅಳದೆ, ಬೇರೆ ಯಾರದೋ ಕಥೆ ಹೇಳುವಂತೆ ಹೇಳಿದಳು.

ಆ ಹುಟ್ಟಿದ ಹಬ್ಬ ಸೊಣ್ಣಮ್ಮನಿಗೆ ನೆನಪಿತ್ತು. ಹೊಸ ಹಸಿರು ಫ್ರಾಕು ಹೊಲಿಸಿದ್ದಳು, ಪಾಯಸ ಮಾಡಿದ್ದಳು. ಮಗು ಸರಿಯಾಗಿ ತಿನ್ನಲಿಲ್ಲವೆಂದು ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡಿದ್ದಳು. ವರ್ಷಗಟ್ಟಲೆ ವರಾಂಡದಲ್ಲಿ ಕಾದು ಕೂತವಳು, ದಿನವೂ ಎರಡು ಬಸ್ಸು ಹತ್ತಿಸಿ ಇಳಿಸಿದವಳು ತಾನು. ಇದು ಗೊತ್ತೇ ಆಗಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಕೈಯಲ್ಲಿ ಕೇಳಿದಳು. ಹೇಗೆ ಕೇಳಬೇಕೆಂದು ಆಗ ಗೊತ್ತಿರಲಿಲ್ಲ ಅಮ್ಮ ಎಂದಳು ಸಂಯುಕ್ತಾ. ನಿನಗೆ ಗೊತ್ತಿದ್ದ ಸನ್ನೆಗಳಲ್ಲಿ ಆ ಮಾತು ಇರಲಿಲ್ಲ. ಆಮೇಲೆ, ಅಮ್ಮನಿಗೆ ನೋವಾಯಿತೇನೋ ಎಂದು, ಅವಳ ಮೊಣಕಾಲಿನ ಮೇಲೆ ತಲೆಯಿಟ್ಟು ಮಲಗಿದಳು. ಸೊಣ್ಣಮ್ಮ ಮಗಳ ಕೂದಲಲ್ಲಿ ಕೈಯಾಡಿಸುತ್ತ ಕೂತಳು. ಸಾರಿಗೆ ಒಗ್ಗರಣೆ ಹಾಕುವುದು ಅವತ್ತು ತಡವಾಯಿತು.

ಎರಡು ಮೂರು ದಿನ ಸೊಣ್ಣಮ್ಮ ಒಂದೇ ಯೋಚನೆಯಲ್ಲಿ ಓಡಾಡಿದಳು. ಮಕ್ಕಳು ಬೆಳಗ್ಗೆ ಮಿಸ್ ಎಂದು ಸನ್ನೆ ಮಾಡಿ ಹೂ ಕೊಟ್ಟಾಗ ಮನಸ್ಸು ಹಿಂದೆಗೆಯುತ್ತಿತ್ತು. ಅದು ಅವಳು ತನ್ನದೆಂದು ಪಡೆದ ಮೊದಲ ಕೆಲಸ. ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ದ್ರೌಪದಮ್ಮನ ಕೋಣೆಗೆ ಹೋದಳು.

"ಮೇಡಂ, ಆ ಕೆಲ್ಸ ನಮ್ಮ ಸಂಯುಕ್ತಾಗೆ ಕೊಡಿ."

ದ್ರೌಪದಮ್ಮ ತಲೆಯೆತ್ತಿದರು. "ಯಾಕೆ ಸೊಣ್ಣಮ್ಮ, ಸುಸ್ತಾಯ್ತಾ?"

"ಸುಸ್ತಲ್ಲ ಮೇಡಂ. ನಾನು ಕಲ್ತಿರೋದನ್ನ ಕಲಿಸ್ತಿದೀನಿ. ಅವ್ಳಿಗೆ ಅದು ಕಲ್ತಿದ್ದಲ್ಲ, ಅವ್ಳ ಮಾತೇ ಅದು. ಮಕ್ಳಿಗೆ ವೆತ್ಯಾಸ ಗೊತ್ತಾಗ್ತದೆ."

ದ್ರೌಪದಮ್ಮ ಒಳ್ಳೆಯ ಹೆಂಗಸು, ಆದರೆ ಎಚ್ಚರಿಕೆಯವರು. ತರಗತಿಯಲ್ಲಿ ಮಗು ಬಿದ್ದು ಅತ್ತರೆ ಅವಳಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ತಾಯಿ ತಂದೆಯರ ಜೊತೆ ಹೇಗೆ ಮಾತಾಡುತ್ತಾಳೆ, ಅಧಿಕಾರಿ ಏನನ್ನುತ್ತಾರೆ, ಇಲಾಖೆ ಸಡಿಲಿಸಿದ್ದು ಓದಿನ ಅರ್ಹತೆಯನ್ನು ಮಾತ್ರ ಅಲ್ಲವೇ ಎಂದರು. ಸೊಣ್ಣಮ್ಮ ಒಂದೊಂದಕ್ಕೂ ತನಗೆ ತೋಚಿದ್ದು ಹೇಳಿದಳು. ನಡುವಿನ ಬಾಗಿಲು ಹೇಗೂ ತೆಗೆದೇ ಇದೆ. ಸಂಯುಕ್ತಾ ಪಿಯುಸಿ ಪಾಸು. ನಾನು ವರಾಂಡದಲ್ಲಿ ಇದ್ದೇ ಇರುತ್ತೇನೆ. ಕೊನೆಗೆ ದ್ರೌಪದಮ್ಮ, ಅಧಿಕಾರಿ ಬಂದಾಗ ಅವಳೇ ಪಾಠ ಮಾಡಲಿ, ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ ಎಂದರು.

ಮನೆಯಲ್ಲಿ ಇದನ್ನು ಹೇಳಿದಾಗ ಸಂಯುಕ್ತಾಗೆ ಸಿಟ್ಟು ಬಂತು. ಅಮ್ಮನ ಕೆಲಸ ಕಿತ್ತುಕೊಳ್ಳುವುದಕ್ಕೆ ನಾನು ಬುಧವಾರ ಬರುತ್ತಿದ್ದೆನೇ ಎಂದಳು. ನಿನ್ನ ಜೀವನವೆಲ್ಲ ನನಗೆ ಕೊಟ್ಟಿದ್ದು ಸಾಲದೇ ಎಂದಳು. ಸೊಣ್ಣಮ್ಮನೂ ಬಿಡಲಿಲ್ಲ. ಅಡುಗೆಮನೆಯಲ್ಲಿ ನಾಲ್ಕು ಕೈಗಳು ಎಷ್ಟು ವೇಗವಾಗಿ ಓಡುತ್ತಿದ್ದವೆಂದರೆ, ಸ್ನಾನ ಮುಗಿಸಿ ಬಂದ ವಿಜಯಕುಮಾರನಿಗೆ ಅರ್ಧವೂ ತಿಳಿಯಲಿಲ್ಲ. ಅವನು ಸ್ಟವ್ ಮೇಲಿದ್ದ ಹಾಲಿನ ಪಾತ್ರೆಯನ್ನು ಮೆಲ್ಲಗೆ ಆಚೆ ಸರಿಸಿ, ಗೋಡೆಗೊರಗಿ ಕಾದ. ಜಗಳ ಸ್ವಲ್ಪ ಇಳಿದ ಮೇಲೆ ಮಗಳ ಭುಜ ತಟ್ಟಿ, ತನಗೆ ಬರುವ ಮುರುಕು ಸನ್ನೆಯಲ್ಲಿ ಒಂದೇ ಪ್ರಶ್ನೆ ಕೇಳಿದ: ನಿನಗೆ ಇಷ್ಟವೋ ಇಲ್ಲವೋ?

ಸಂಯುಕ್ತಾ ಹಾಲಿನ ಪಾತ್ರೆಯನ್ನು ಮತ್ತೆ ಸ್ಟವ್ ಮೇಲಿಟ್ಟಳು. ಆಮೇಲೆ, ಏಳನೇ ತರಗತಿಯಿಂದ ಇಷ್ಟ ಎಂದಳು. ಟೀಚರ್ ಆಗುವವರಿಗೆ ಕಿವಿ ಕೇಳಿಸಬೇಕು ಎಂದು ತಿಳಿದು ಯಾರಿಗೂ ಹೇಳಿರಲಿಲ್ಲ.

ಗಣೇಶನ ಹಬ್ಬ ಕಳೆದು ಒಂದು ವಾರಕ್ಕೆ ಅಧಿಕಾರಿ ಬಂದರು. ನಾಸಿರ್ ಎಂದು ಹೆಸರು, ನಡುವಯಸ್ಸಿನವರು. ಹಿಂದಿನ ದಿನ ಸುರಿದ ಮಳೆಗೆ ರಸ್ತೆಯ ತುಂಬ ಕೆಸರು. ಪ್ಯಾಂಟು ಮಡಚಿಕೊಂಡೇ ಒಳಗೆ ಬಂದು, ಮಕ್ಕಳ ಪುಟ್ಟ ಕುರ್ಚಿಯೊಂದರ ಮೇಲೆ ಕಷ್ಟಪಟ್ಟು ಕೂತರು. ಪಾಠ ಮಾಡುವವಳಿಗೆ ಕಿವಿ ಕೇಳಿಸುವುದಿಲ್ಲ ಎಂದು ದ್ರೌಪದಮ್ಮ ಹೇಳಿದಾಗ ಅವರು ಸುತ್ತೋಲೆ ತೆಗೆದು ಮತ್ತೊಮ್ಮೆ ಓದಿಕೊಂಡರು. ರಕ್ಷಾಳ ತಾಯಿ ರತ್ನಕ್ಕ ಕೂಡ ಅವತ್ತು ಬಾಗಿಲ ಬಳಿ ನಿಂತಿದ್ದಳು. ಮನೆಗೆ ನೀರು ನುಗ್ಗಿ ರಾತ್ರಿಯೆಲ್ಲ ನಿದ್ದೆಗೆಟ್ಟು, ಮಗಳನ್ನು ತಡವಾಗಿ ಕರೆತಂದಿದ್ದಳು.

ಸಂಯುಕ್ತಾ ಅವತ್ತು ನಿನ್ನೆ, ಇವತ್ತು, ನಾಳೆ ಎಂಬ ಪಾಠ ಮಾಡಿದಳು. ನೆಲದ ಮೇಲೆ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಹಾಗೆ ಮೂರು ಮನೆ ಬರೆದು, ಒಬ್ಬೊಬ್ಬರನ್ನೇ ನಿಲ್ಲಿಸಿದಳು. ಹೆಗಲ ಹಿಂದೆ ಹೋದದ್ದು ನಿನ್ನೆ, ಕಾಲ ಕೆಳಗಿರುವುದು ಇವತ್ತು, ಮುಂದೆ ಕಾಣುವುದು ನಾಳೆ. ನಿನ್ನೆಯ ಮನೆಯಲ್ಲಿ ನಿಂತವರು ನಿನ್ನೆಯದನ್ನು ಹೇಳಬೇಕು. ಒಬ್ಬ ಹುಡುಗ ನಿನ್ನೆ ದೋಸೆ ತಿಂದೆ ಎಂದ. ಇನ್ನೊಬ್ಬಳು ನಿನ್ನೆ ಅಣ್ಣ ಹೊಡೆದ ಎಂದಳು. ರಕ್ಷಾ ತಾನಾಗಿಯೇ ಓಡಿ ಬಂದು ಆ ಮನೆಯಲ್ಲಿ ನಿಂತಳು. ಹಿಂದೆ ಕೈ ತೋರಿಸಿ ನಿನ್ನೆ ಎಂದಳು. ಮಳೆ ಎಂದಳು. ನೀರು ಬಾಗಿಲಿನಿಂದ ಬಂದು ಪಾದ, ಮೊಣಕಾಲು ಮುಟ್ಟಿದ್ದನ್ನು ತೋರಿಸಿದಳು. ಅಪ್ಪ ಮಂಚವನ್ನು ಇಟ್ಟಿಗೆಯ ಮೇಲೆ ಎತ್ತಿದ್ದನ್ನು, ಅದರ ಮೇಲೆ ತಾನು ಕೂತದ್ದನ್ನು ತೋರಿಸಿದಳು. ಕೊನೆಗೆ ಕಣ್ಣಿನಿಂದ ಕೆನ್ನೆಗೆ ಬೆರಳು ಎಳೆದು, ಬಾಗಿಲ ಕಡೆ ತಿರುಗಿ ತಾಯಿಯನ್ನು ತೋರಿಸಿದಳು.

ನಾಸಿರ್ ಅವರು ಮೆಲ್ಲಗೆ, ಮಗು ಏನು ಹೇಳಿತು ಎಂದು ಸೊಣ್ಣಮ್ಮನನ್ನು ಕೇಳಿದರು. ಸೊಣ್ಣಮ್ಮ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ರತ್ನಕ್ಕ ಸೆರಗು ಬಾಯಿಗೆ ಹಿಡಿದಳು. ತಾನು ಕತ್ತಲೆಯಲ್ಲಿ ಅತ್ತದ್ದನ್ನು ಮಗಳು ನೋಡಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಆ ಮಗು ಆಗಿಹೋದ ಒಂದು ಸಂಗತಿಯನ್ನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು.

ಪಾಠದ ನಂತರ ನಾಸಿರ್ ಅವರು ಸಂಯುಕ್ತಾಳಿಗೆ ಕೆಲವು ಪ್ರಶ್ನೆ ಕೇಳಬೇಕೆಂದು ಸೊಣ್ಣಮ್ಮನ ಕಡೆ ತಿರುಗಿ, ಇವರು ಯಾಕೆ ಈ ಕೆಲಸಕ್ಕೆ ಬರುತ್ತಿದ್ದಾರೆ ಎಂದು ಶುರುಮಾಡಿದರು.

"ಸಾರ್, ಅವ್ಳನ್ನೇ ನೋಡ್ಕೊಂಡು ಕೇಳಿ. ಮಾತು ನಾನು ದಾಟಿಸ್ತೀನಿ."

ಅವರು ಕ್ಷಮಿಸಿ ಎಂದು ಕುರ್ಚಿ ತಿರುಗಿಸಿಕೊಂಡು, ಸಂಯುಕ್ತಾಳ ಮುಖ ನೋಡಿ ಮತ್ತೆ ಕೇಳಿದರು. ಸಂಯುಕ್ತಾಳ ಕೈಗಳು ನಿಧಾನವಾಗಿ ಹೇಳಿದವು. ಸೊಣ್ಣಮ್ಮ ಅದನ್ನು ಬಾಯಲ್ಲಿ ಹೇಳಿದಳು.

"ನಾನು ಚಿಕ್ಕೋಳಿದ್ದಾಗ ನನ್ನ ಥರದ ದೊಡ್ಡೋರನ್ನ ಯಾರನ್ನೂ ನೋಡಿರ್ಲಿಲ್ಲ. ದೊಡ್ಡೋಳಾಗ್ತೀನಿ ಅಂತಾನೇ ಗೊತ್ತಿರ್ಲಿಲ್ಲ. ಈ ಮಕ್ಳಿಗೆ ಹಂಗಾಗ್ಬಾರ್ದು. ದಿನಾ ಬೆಳಗ್ಗೆ ಬಂದು ನನ್ನನ್ನ ನೋಡ್ಲಿ."

ನಾಸಿರ್ ಅವರು ಪುಟ್ಟ ಕುರ್ಚಿಯಿಂದ ಎದ್ದು ದ್ರೌಪದಮ್ಮನಿಗೆ ಹೇಳಿದರು. "ಈ ನಿಯಮ ಬರೆಯೋವಾಗ ಇಂಥೋರು ಬರ್ತಾರೆ ಅಂತ ಯಾರೂ ಯೋಚ್ನೆ ಮಾಡಿರ್ಲಿಕ್ಕಿಲ್ಲ ಮೇಡಂ. ಆದ್ರೆ ಬರ್ಬಾರ್ದು ಅಂತಾನೂ ಬರೆದಿಲ್ಲ. ಸನ್ನೆ ಭಾಷೆ ಬಲ್ಲವರು ಅಂತಿದೆ. ಇವ್ರಿಗಿಂತ ಬಲ್ಲವರನ್ನ ನಾನು ಎಲ್ಲಿಂದ ಹುಡುಕ್ಲಿ?" ಮೇಲಿನವರು ಕೇಳಿದರೆ ತಾನೇ ಹೋಗಿ ವಿವರಿಸುತ್ತೇನೆ ಎಂದರು. ಹೋಗುವಾಗ ಸಂಯುಕ್ತಾಳನ್ನು ನೋಡಿ, ಧನ್ಯವಾದಕ್ಕೆ ಏನು ಸನ್ನೆ ಎಂದು ಕೇಳಿ, ಅದನ್ನು ಮಾಡಿಯೇ ಹೋದರು.

ಒಪ್ಪಿಗೆ ಬರುವುದು ಅಷ್ಟು ಸಲೀಸಾಗಲಿಲ್ಲ. ಕಚೇರಿಯಿಂದ ಎರಡು ಸಲ ಸ್ಪಷ್ಟನೆ ಕೇಳಿದರು, ನಾಸಿರ್ ಅವರು ಎರಡೂ ಸಲ ಹೋಗಿ ಬಂದರಂತೆ. ದಸರಾ ರಜೆ ಮುಗಿದು ದೀಪಾವಳಿಯ ಹೊತ್ತಿಗೆ ಸಂಯುಕ್ತಾಳ ಹೆಸರಿಗೆ ಆದೇಶ ಬಂತು. ಅವಳು ಕಾಫಿ ಅಂಗಡಿಯವರಿಗೆ ಹೇಳಿ, ಅಲ್ಲಿನ ಗೆಳತಿಯರಿಗೆ ಲಾಡು ಹಂಚಿ, ಬಿಲ್ಲೆ ವಾಪಸು ಕೊಟ್ಟು ಬಂದಳು. ಡಿಪ್ಲೊಮಾಕ್ಕೂ ಸೇರಿದಳು. ಶನಿವಾರ ಭಾನುವಾರ ಅದರ ತರಗತಿಗಳು.

ಸೊಣ್ಣಮ್ಮ ಮತ್ತೆ ವರಾಂಡಕ್ಕೆ ಬಂದಳು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ದಿನ ಅಭ್ಯಾಸದಿಂದ ಸೀಮೆಸುಣ್ಣದ ಡಬ್ಬಿ ಹಿಡಿದು ತರಗತಿಯೊಳಗೆ ಹೋಗಿ, ಅಲ್ಲಿ ಮಗಳು ನಿಂತಿರುವುದನ್ನು ನೋಡಿ, ಡಬ್ಬಿ ಮೇಜಿನ ಮೇಲಿಟ್ಟು ಹೊರಗೆ ಬಂದಳು. ಜಕ್ಕೂರಿನ ಬೀದಿಯಲ್ಲಿ ಮೇಷ್ಟ್ರಮ್ಮ ಎಂದವರಿಗೆ ಈಗ ನಾನಲ್ಲ, ನನ್ನ ಮಗಳು ಎಂದು ಹೇಳಬೇಕಾಯಿತು. ವಿಜಯಕುಮಾರ ಒಂದು ಸಂಜೆ ಪಕ್ಕದಲ್ಲಿ ಕೂತು, "ಮಿಸ್ ಆಗಿದ್ದೋಳು ಮತ್ತೆ ಚಪ್ಲಿ ಜೋಡಿಸ್ತೀಯಲ್ಲ, ಬೇಜಾರಿಲ್ವೇನೇ?" ಎಂದು ಕೇಳಿದ. ಸ್ವಲ್ಪ ಐತೆ ಎಂದಳು ಅವಳು. ಅವತ್ತು ರಾತ್ರಿ ಪಾತ್ರೆ ತೊಳೆದವನು ಅವನೇ.

ಒಂದು ಮಧ್ಯಾಹ್ನ ರತ್ನಕ್ಕ ಶಾಲೆಗೆ ಬಂದು, ಸೊಣ್ಣಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಹೇಳುವುದಕ್ಕೆ ಸಂಕೋಚಪಟ್ಟು, ಕೊನೆಗೆ ಹೇಳಿದಳು.

"ಅಕ್ಕಾರ, ಅವತ್ತು ನನ್ನ ಮಗಳು ನನ್ನ ಬಗ್ಗೆನ ಹೇಳಿದ್ಲು. ಏನ್ ಹೇಳಿದ್ಲಂತ ನಾ ನಿಮ್ಮ ಬಾಯಿಂದ ಕೇಳಬೇಕಾತು. ಈಗ ಮನಿಯಾಗ ದಿನಾ ಏನರ ಹೇಳತಾಳ್ರಿ, ನಮಗ ತಿಳಿಯಂಗಿಲ್ಲ. ಸಿಟ್ಟಿಗೆದ್ದು ಮಾರಿ ತಿರುವಿ ಕೂಡತಾಳ. ನಮಗೂ ಕಲಸ್ರಿ."

ಸಂಯುಕ್ತಾಗೆ ಕಲಿಸಲು ಹೇಳುತ್ತೇನೆ ಎಂದಳು ಸೊಣ್ಣಮ್ಮ. ರತ್ನಕ್ಕ ಬೇಡವೆಂದು ತಲೆಯಾಡಿಸಿದಳು. ಸಂಯುಕ್ತಾ ಮಿಸ್ ಕೈಯ ವೇಗ ನೋಡಿದರೆ ತಲೆ ತಿರುಗುತ್ತದೆ, ನೀವು ಬಾಯಲ್ಲಿ ಹೇಳಿ ಕೈಯಲ್ಲಿ ತೋರಿಸುತ್ತೀರಿ, ಅದು ನಮಗೆ ಹತ್ತುತ್ತದೆ ಎಂದಳು. ಸಂಯುಕ್ತಾಗೆ ಇದನ್ನು ಹೇಳಿದಾಗ ಅವಳು ಅಮ್ಮನ ಮುಖ ನೋಡಿ ಕಣ್ಣರಳಿಸಿದಳು. ದ್ರೌಪದಮ್ಮನಿಗೆ ತಾನೇ ಬರೆದು ಕೇಳಿ, ಶನಿವಾರ ಮಧ್ಯಾಹ್ನ ಒಂದನೇ ತರಗತಿಯ ಕೋಣೆಯನ್ನು ಅಮ್ಮನಿಗೆ ಬಿಡಿಸಿಕೊಟ್ಟಳು.

ಮೊದಲು ಬಂದವರು ನಾಲ್ಕೈದು ತಾಯಂದಿರು. ಆಮೇಲೆ ಒಂದಿಬ್ಬರು ಅಜ್ಜಿಯರು, ಆರ್.ಟಿ. ನಗರದಿಂದ ರೆಹಾನಾ ಎಂಬ ಚಿಕ್ಕಮ್ಮ, ತನ್ನ ಅಕ್ಕನ ಮಗನಿಗಾಗಿ. ಚಿಕ್ಕ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತು, ಅಮ್ಮ, ಅಪ್ಪ, ಹಸಿವು, ಭಯ ಎಂದು ಕೈಯಲ್ಲಿ ಹೇಳುತ್ತಿದ್ದರು. ತಪ್ಪಾದಾಗ ಮಕ್ಕಳು ಕಿಟಕಿಯಿಂದ ನೋಡಿ ನಗುತ್ತಿದ್ದರು. ಸೊಣ್ಣಮ್ಮ ಅವಸರ ಮಾಡುತ್ತಿರಲಿಲ್ಲ. ಒಂದು ಸನ್ನೆ ಕಲಿಯಲು ತನಗೆ ಎಷ್ಟು ಹೊತ್ತು ಹಿಡಿದಿತ್ತೆಂದು ಅವಳಿಗೆ ಗೊತ್ತಿತ್ತು.

ಜನವರಿಯಲ್ಲಿ ಕಾಡಪ್ಪ ಬಂದ. ಶಿಫ್ಟ್ ಮುಗಿಸಿ ನೇರವಾಗಿ ಬಂದಿದ್ದ, ಬೆರಳ ಸಂದಿಯಲ್ಲಿ ಇನ್ನೂ ಕಪ್ಪು ಎಣ್ಣೆಯಿತ್ತು. ಹೆಂಗಸರ ನಡುವೆ ಕೂರಲು ನಾಚಿ ಹಿಂದಿನ ಬೆಂಚಿನಲ್ಲಿ ಕೂತ. ಪಾಠ ಮುಗಿದ ಮೇಲೆ ಸೊಣ್ಣಮ್ಮನ ಹತ್ತಿರ ಬಂದು, ಹಿಂದಿನ ವಾರ ಮಗಳಿಗೆ ಜ್ವರ ಬಂದಾಗ ಎಲ್ಲಿ ನೋಯುತ್ತದೆಂದು ಕೇಳಲಾಗದೆ ರಾತ್ರಿಯಿಡೀ ಒದ್ದಾಡಿದ್ದನ್ನು ಹೇಳಿದ. "ಅದೊಂದು ಕೇಳೂದು ಹೇಳಿಕೊಡ್ರಿ ಅಕ್ಕಾರ," ಎಂದ.

ಸೊಣ್ಣಮ್ಮ ನೋವು ಎಂಬುದನ್ನು, ಎಲ್ಲಿ ಎಂಬುದನ್ನು ಬೇರೆ ಬೇರೆಯಾಗಿ ತೋರಿಸಿ, ಆಮೇಲೆ ಕೂಡಿಸಿದಳು. ಕೇಳುವಾಗ ಹುಬ್ಬು ಏರಬೇಕು, ಇಲ್ಲದಿದ್ದರೆ ಅದು ಪ್ರಶ್ನೆ ಆಗುವುದಿಲ್ಲ ಎಂದು ಹೇಳಿದಳು. ಅದು ಮಗಳಿಂದ ಈಚೆಗೆ ಅವಳು ಕಲಿತದ್ದು. ಕಾಡಪ್ಪ ಹುಬ್ಬು ಏರಿಸಲು ಹೋಗಿ ಬಾಯಿ ತೆರೆದ. ಹೊರಗೆ ಕಾಯುತ್ತಿದ್ದ ರಕ್ಷಾ ಒಳಗೆ ಬಂದು ಅಪ್ಪನನ್ನು ನೋಡಿ ನಿಂತಳು. ಅವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡು ಸಲ ತಪ್ಪಿ, ಮೂರನೆಯ ಸಲ ಕೇಳಿದ: ಎಲ್ಲಿ ನೋವು?

ರಕ್ಷಾ ಅಪ್ಪನ ಹೆಬ್ಬೆರಳು ಹಿಡಿದು ಸರಿಯಾದ ಕಡೆಗೆ ತಿರುಗಿಸಿದಳು. ಆಮೇಲೆ ಉತ್ತರ ಹೇಳಿದಳು. ಈಗ ನೋವಿಲ್ಲ, ಆವತ್ತು ಗಂಟಲಲ್ಲಿತ್ತು, ನೀನು ಹೊಟ್ಟೆಗೆ ಎಣ್ಣೆ ಹಚ್ಚಿದೆ, ಹೊಟ್ಟೆ ಅಲ್ಲ ಅಂದರೂ ಹಚ್ಚಿದೆ, ಆಮೇಲೆ ನೀನು ನಿದ್ದೆ ಮಾಡಲಿಲ್ಲ, ನಾನು ನೋಡಿದೆ. ಅವಳ ಕೈಗಳು ನಿಲ್ಲಲೇ ಇಲ್ಲ.

ಕಾಡಪ್ಪ ಕಣ್ಣು ಮಿಟುಕಿಸದೆ ನೋಡಿದ. ಮುಗಿದ ಮೇಲೆ ಸೊಣ್ಣಮ್ಮನ ಕಡೆ ತಿರುಗಿ, "ಗಂಟಲು ಅನ್ನೂದು ತಿಳೀತ್ರಿ," ಎಂದ. "ಉಳಿದದ್ದು ತಿಳೀಲಿಲ್ಲ."

ಉಳಿದದ್ದನ್ನು ಹೇಳಲು ಸೊಣ್ಣಮ್ಮ ಬಾಯಿ ತೆಗೆದಳು. ಅಷ್ಟರಲ್ಲಿ ಅವನು ಮಗಳ ಕಡೆ ತಿರುಗಿ, ಇನ್ನೊಂದು ಸಲ ಎಂದು ಬೆರಳು ತೋರಿಸಿ ಕೇಳುತ್ತಿದ್ದ. ಹುಡುಗಿ ಮೊದಲಿನಿಂದ, ನಿಧಾನವಾಗಿ, ಹೇಳಲು ಶುರುಮಾಡಿದಳು. ಸೊಣ್ಣಮ್ಮ ಬೋರ್ಡು ಒರೆಸಿ, ಕಿಟಕಿಗಳನ್ನು ಹಾಕಿದಳು. ಬಾಗಿಲನ್ನು ಮಾತ್ರ ಅವರಿಬ್ಬರ ಮಾತು ಮುಗಿಯುವವರೆಗೆ ತೆರೆದೇ ಇಟ್ಟಳು.